ಗರ್ಭಪಾತನ ವಿವಾದದಲ್ಲಿ ಸ್ಮೃತಿವಚನಗಳ ವಿನಿಯೋಗ

ವೈದ್ಯರ ಮೂಲಕ ಗರ್ಭವನ್ನು ತೆಗೆಯಿಸುವುದಕ್ಕೆ ಅವಕಾಶಕೊಟ್ಟ ೧೯೭೧ನೆಯ ಇಸವಿಯ ಕಾಯಿದೆಯು ೧೯೭೨ನೆಯ ಏಪ್ರಿಲ್ ೧ರಂದು ಜಾರಿಗೆ ಬಂದು ಅರ್ಧಶತಮಾನಕ್ಕೆ ಮೇಲಾಯಿತು. ೨೦೨೧ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ೨೦೨೨ನೆಯ ಸೆಪ್ಟೆಂಬರ್ ೨೯ರಂದು ಸರ್ವೋಚ್ಚ ನ್ಯಾಯಾಲಯವು ವಿವಾಹಿತೆ, ಅವಿವಾಹಿತೆ ಎಂಬ ಭೇದವು ಈ ವಿಷಯದಲ್ಲಿ ಸಲ್ಲದೆಂದು ತೀರ್ಪಿತ್ತ ಮೇಲಂತೂ ಹಳೆಯ ಚರ್ಚೆಯು ಪುನಃ ತಲೆಯೆತ್ತಿದೆ. ಕನ್ನಡದಲ್ಲಿ ಈ ಕುರಿತು ಬರೆಯುವವರಲ್ಲಿ ಎರಡು ಪಕ್ಷಗಳುಂಟು. ಭ್ರೂಣಹತ್ಯೆಯನ್ನು ನಮ್ಮ ಶಾಸ್ತ್ರಗಳು ಘೋರಪಾತಕವೆಂದು ಸಾರಿರುವುದರಿಂದ ಈ ಕಾಯಿದೆಯು ಧರ್ಮಬಾಹಿರವಾದುದೆಂದು ಒಂದು ಪಕ್ಷದವರು ಹೇಳುವರು. ತಾಯಿಯ ಜೀವವೇ ಮೊದಲೆಂದು ಸುಶ್ರುತನು ಹೇಳಿರುವನೆಂದೂ, ಜೀವವು ಗರ್ಭವನ್ನು ಸೇರುವುದೇ ಕೆಲವು ತಿಂಗಳಾದ ಮೇಲೆಂದು ಉಪನಿಷತ್ತಿನಲ್ಲಿರುವುದೆಂದೂ, ಆದುದರಿಂದ ಶಾಸ್ತ್ರಕ್ಕೂ ಕಾಯಿದೆಗೂ ವಿರೋಧವೇ ಇಲ್ಲವೆಂದೂ ಇನ್ನೊಂದು ಪಕ್ಷದವರು ಸಾಧಿಸುವರು. ಎರಡು ಪಕ್ಷದವರೂ ಶ್ಲೋಕಗಳನ್ನು ಉದಾಹರಿಸುತ್ತಾರೆ, ಹೆಚ್ಚಾಗಿ ಅರ್ಧಶ್ಲೋಕಗಳನ್ನು. ಕಾಯಿದೆಯು ಇರಬೇಕೆ ಬೇಡವೆ ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ಉದಾಹೃತವಾದ ವಚನಗಳು ಯಾವ ಪ್ರಕರಣದವು, ಅವುಗಳ ಪದಗಳಿಗೆ ಅರ್ಥವೇನು, ಅವುಗಳಿಂದ ಎಷ್ಟನ್ನು ಸಾಧಿಸಲಾದೀತು ಎಂಬಷ್ಟನ್ನೇ ಇಲ್ಲಿ ವಿಚಾರಮಾಡತಕ್ಕದ್ದು.

ಮೊದಲು ಭ್ರೂಣಶಬ್ದವನ್ನು ನೋಡೋಣ. ಅಮರಸಿಂಹನು ಗರ್ಭ ಮತ್ತು ಭ್ರೂಣ ಎಂಬೆರಡನ್ನು ಸಮಾನಾರ್ಥಕವೆಂದು ಹೇಳಿದ್ದಾನೆ. ನಾನಾರ್ಥವರ್ಗದಲ್ಲಿ ಶಿಶುವೆಂಬ ಅರ್ಥವನ್ನೂ ಕೊಟ್ಟಿದ್ದಾನೆ. ಕೋಶವನ್ನು ಕಂಠಪಾಠಮಾಡಿದವರಿಗೆ ಇಲ್ಲಿಗೇ ವಿಷಯವು ಮುಗಿದಂತೆ ತೋರಬಹುದು. ಆದರೆ ಕೋಶವು ತನ್ನ ಕಾಲದ ರೂಢಿಯನ್ನು ಹೇಳತಕ್ಕುದು. ಸೂತ್ರಕಾರರು ಅದಕ್ಕಿಂತ ಬಹಳ ಹಿಂದಿನವರು. ಬೌಧಾಯನ ಗೃಹ್ಯಸೂತ್ರದಲ್ಲಿ ಬ್ರಾಹ್ಮಣ, ಶ್ರೋತ್ರಿಯ, ಅನೂಚಾನ ಎಂದು ಅಧ್ಯಯನದ ಮೆಟ್ಟಿಲುಗಳನ್ನು ಏರಿಸುತ್ತ ಹೋಗುವಾಗ, ಸೂತ್ರಪ್ರವಚನಗಳ ವರೆಗೆ ಓದಿದವನಿಗೆ ಭ್ರೂಣನೆಂಬ ಹೆಸರು ಹೇಳಲ್ಪಟ್ಟಿದೆ. ಅಲ್ಲಿ ಭ್ರೂಣನೆಂದರೆ ಬಸಿರಿನ ಶಿಶುವಲ್ಲ, ಮಹಾವಿದ್ವಾಂಸನು. ಪಾಣಿನಿಯೂ ಬ್ರಹ್ಮ, ಭ್ರೂಣ, ವೃತ್ರ ಎಂಬ ಮೂರು ಪದಗಳ ಮುಂದೆ ಹನ್ ಧಾತುವಿಗೆ ಭೂತಾರ್ಥದಲ್ಲಿ ಕ್ವಿಪ್ ಪ್ರತ್ಯಯವನ್ನು ಒಂದೇ ಸೂತ್ರದಲ್ಲಿ ವಿಧಿಸಿದ್ದಾನೆ. ಬ್ರಹ್ಮಹಾ ಎಂಬುದರ ಮಗ್ಗುಲಲ್ಲೇ ಭ್ರೂಣಹಾ ಎಂಬುದು ನಿಂತಿರುವುದು ಗಮನಾರ್ಹವಾಗಿದೆ. ಬೃಹದಾರಣ್ಯಕದಲ್ಲಿ ಸುಷುಪ್ತಿಯನ್ನು ವರ್ಣಿಸುವಾಗ ಕಳ್ಳನೊಡನೆ ಭ್ರೂಣಹನನ್ನು ಹೇಳಿರುವುದೂ ಪ್ರಸಿದ್ಧವೇ. ಹೀಗಿರಲು, ಪ್ರಾಚೀನಗ್ರಂಥದಲ್ಲಿ ಭ್ರೂಣಹನೆಂಬ ಪದ ಕಂಡಲ್ಲೆಲ್ಲ ಗರ್ಭವನ್ನು ಇಳಿಸಿಕೊಂಡ ಹೆಂಗಸೆಂದು ಅರ್ಥಮಾಡುವುದು ಸಾಹಸದ ಮಾತೇ ಸರಿ.

ಇದಕ್ಕೆ ಬಲವಾದ ಸಾಕ್ಷ್ಯವು ವಾಸಿಷ್ಠಧರ್ಮಸೂತ್ರದ ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ ದೊರೆಯುತ್ತದೆ. ಸ್ತ್ರೀಯರಿಗೆ ಪಾತಕವಾದ ಕಾರ್ಯಗಳು ಮೂರೆಂದು ಎಣಿಸುವಲ್ಲಿ ಆತನು ಪತಿವಧ, ಭ್ರೂಣಹತ್ಯೆ, ತನ್ನ ಗರ್ಭದ ಪಾತನ ಎಂದು ಬೇರೆಬೇರೆಯಾಗಿ ಹೇಳುತ್ತಾನೆ. ಭ್ರೂಣಹತ್ಯೆಯೂ ಸ್ವಗರ್ಭಪಾತನವೂ ಒಂದೇ ಆಗಿದ್ದಲ್ಲಿ ಮೂರೆಂಬ ಸಂಖ್ಯೆಯು ಕೂಡಲಾರದು. ಪುನರುಕ್ತಿದೋಷವನ್ನು ಋಷಿಯ ತಲೆಗೆ ಕಟ್ಟಬೇಕಾದೀತು. ಇಂದಿನ ಲೇಖಕರು ಸಮಾನವೆಂದು ಭಾವಿಸಿರುವ ಎರಡು ಮಾತುಗಳನ್ನು ಸೂತ್ರಕಾರನು ಬೇರೆಬೇರೆ ಪಾಪಗಳಾಗಿ ಎಣಿಸಿದ್ದಾನೆಂಬುದು ಇದರಿಂದ ಸಿದ್ಧವಾಗುತ್ತದೆ. ಇಷ್ಟರಿಂದಲೇ ಎರಡನೆಯ ಪಕ್ಷದವರು ಸಂತೋಷಪಡುವಂತಿಲ್ಲ. ಸ್ವಗರ್ಭಪಾತನವೂ ಆ ಮೂರರೊಳಗೇ ಇದೆ. ಯಾಜ್ಞವಲ್ಕ್ಯನೂ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಅದನ್ನು ಸ್ತ್ರೀಯರು ವಿಶೇಷವಾಗಿ ಪತಿತರಾಗುವುದಕ್ಕೆ ಕಾರಣವಾದವುಗಳಲ್ಲಿ ಸೇರಿಸಿದ್ದಾನೆ. ಸ್ಮೃತಿಗಳು ಗರ್ಭಪಾತನವನ್ನು ಪಾಪವೆಂದು ಪರಿಗಣಿಸಿಲ್ಲವೆಂದು ಹೇಳುವವರು ಗ್ರಂಥವನ್ನು ತೆರೆದು ನೋಡಿದವರಲ್ಲ.

ಇನ್ನು ಭ್ರೂಣಶಬ್ದವು ಗರ್ಭವನ್ನೇ ಹೇಳುವ ವಚನಗಳಿಗೆ ಬರೋಣ. ವಿಷಯವು ಇಲ್ಲಿಯೇ ಅತ್ಯಂತ ಸ್ವಾರಸ್ಯವಾಗಿದೆ. ಪಂಡಿತರು ಇದನ್ನು ಬಹಿರಂಗವಾಗಿ ಹೇಳಲು ಸಂಕೋಚಪಡುವರೆಂದು ನಮಗೆ ತೋರುತ್ತದೆ. ವಸಿಷ್ಠನು ಬ್ರಾಹ್ಮಣನನ್ನು ಕೊಂದವನನ್ನೂ ಅವಿಜ್ಞಾತವಾದ ಗರ್ಭವನ್ನು ಕೊಂದವನನ್ನೂ ಭ್ರೂಣಹನೆಂದು ಕರೆಯುತ್ತಾನೆ. ಮನುವೂ ಹನ್ನೊಂದನೆಯ ಅಧ್ಯಾಯದಲ್ಲಿ ಅವಿಜ್ಞಾತಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವನ್ನೇ ವಿಧಿಸುತ್ತಾನೆ. ಅವಿಜ್ಞಾತವೆಂದರೆ ಗಂಡೊ ಹೆಣ್ಣೊ ಎಂದು ತಿಳಿಯದ ಗರ್ಭವು. ತಿಳಿಯದಿರುವಾಗ ಅಷ್ಟು ದೊಡ್ಡ ಪ್ರಾಯಶ್ಚಿತ್ತವೇಕೆ? ಅದು ಗಂಡಾಗಿರಬಹುದು ಎಂಬುದೇ ಉತ್ತರವು. ತಿಳಿಯದ ಗರ್ಭಗಳನ್ನು ಗಂಡೆಂದೇ ಎಣಿಸಬೇಕೆಂದು ವಸಿಷ್ಠನು ಕಾರಣವನ್ನೂ ಹೇಳಿದ್ದಾನೆ. ಎಂದಮೇಲೆ ಈ ವಚನದಲ್ಲಿ ಹೆಣ್ಣುಗರ್ಭಕ್ಕೆ ದೊರೆತಿರುವ ರಕ್ಷೆಯು ಅದರ ಸ್ವಂತ ಯೋಗ್ಯತೆಯಿಂದ ಬಂದುದಲ್ಲ. ಲೋಕದ ಅಜ್ಞಾನದಿಂದ ಬಂದುದು. ಹೆಣ್ಣೆಂದು ತಿಳಿದ ಮೇಲೆ ಈ ವಚನದ ಬಲವು ಅದಕ್ಕೆ ಉಳಿಯುವುದಿಲ್ಲ.

ಈಗ ನಮ್ಮ ಕಾಲದ ಮಾತನ್ನು ನೋಡಿರಿ. ಶಬ್ದಾತೀತ ತರಂಗಗಳ ಯಂತ್ರವು ಬಂದ ಮೇಲೆ ಅವಿಜ್ಞಾತವು ವಿಜ್ಞಾತವಾಯಿತು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಗಳಿಗೆ ೧೯೯೧ರ ಜನಗಣತಿಯಲ್ಲಿ ೯೪೫ ಹೆಣ್ಣುಗಳಿದ್ದುವು. ೨೦೦೧ರಲ್ಲಿ ಅವು ೯೨೭ಕ್ಕೆ ಇಳಿದುವು. ಇದನ್ನು ತಡೆಯಲು ೧೯೯೪ರಲ್ಲಿ ಇನ್ನೊಂದು ಕಾಯಿದೆ ಹುಟ್ಟಿ ೧೯೯೬ರಿಂದ ಜಾರಿಗೆ ಬಂದಿತು. ೨೦೦೩ರಲ್ಲಿ ಅದನ್ನು ಮತ್ತಷ್ಟು ಬಿಗಿಮಾಡಿದರು. ಗರ್ಭವು ಗಂಡೊ ಹೆಣ್ಣೊ ಎಂಬುದನ್ನು ವೈದ್ಯನು ಮಾತಿನಿಂದಾಗಲಿ ಸಂಜ್ಞೆಯಿಂದಾಗಲಿ ತಿಳಿಸಕೂಡದೆಂಬುದೇ ಅದರ ಸಾರವು. ಯಂತ್ರವು ವಿಜ್ಞಾತವಾಗಿಸಿದ ಗರ್ಭವನ್ನು ಕಾಯಿದೆಯು ಬಲಾತ್ಕಾರದಿಂದ ಮತ್ತೆ ಅವಿಜ್ಞಾತವನ್ನಾಗಿ ಮಾಡಿತು! ಮನುವಸಿಷ್ಠರ ಕಾಲದಲ್ಲಿ ಪ್ರಕೃತಿಯೇ ಹಾಕಿದ್ದ ತೆರೆಯನ್ನು ಇಂದು ಸರಕಾರವು ಕೈಯಿಂದ ಹಿಡಿದುಕೊಂಡು ನಿಲ್ಲಬೇಕಾಗಿದೆ. ಆ ತೆರೆಯೂ ಎಲ್ಲ ಕಡೆಯೂ ನಿಂತಿಲ್ಲ. ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ಯಂತ್ರವನ್ನಿಟ್ಟುಕೊಂಡು ಹಣಕ್ಕಾಗಿ ಲಿಂಗವನ್ನು ತಿಳಿಸುತ್ತಿದ್ದ ಜಾಲವು ೨೦೨೩ರಲ್ಲಿ ಬೆಂಗಳೂರಿನ ಪೋಲೀಸರಿಗೆ ಸಿಕ್ಕಿದುದನ್ನು ವಾಚಕರು ಮರೆತಿರಲಾರರು. ಬೆಲ್ಲ ಕಾಯಿಸುವ ಮನೆಯಲ್ಲಿ ಇಂತಹ ವ್ಯಾಪಾರ ನಡೆದುದನ್ನು ಕೇಳಿ ನಮಗೆ ಆದ ಸಂಕಟವು ಅಷ್ಟಿಷ್ಟಲ್ಲ. ಅದಂತಿರಲಿ. ಹೆಣ್ಣುಭ್ರೂಣಹತ್ಯೆಯನ್ನು ಖಂಡಿಸುವ ಭಾಷಣಗಳಲ್ಲಿ ಮನುವಸಿಷ್ಠರ ಈ ವಚನಗಳನ್ನು ಪ್ರಮಾಣವಾಗಿ ಹೇಳುವವರು, ಅವು ಯಾವ ಯುಕ್ತಿಯ ಮೇಲೆ ನಿಂತಿವೆಯೆಂಬುದನ್ನು ಒಮ್ಮೆ ಯೋಚಿಸತಕ್ಕದ್ದು. ಗಂಡೇ ಮೇಲೆಂಬ ಬುದ್ಧಿಯನ್ನು ಅಳಿಸಲು ಹೊರಟವರು, ಅದೇ ಬುದ್ಧಿಯಿಂದ ಹುಟ್ಟಿದ ವಚನವನ್ನು ಆಯುಧವಾಗಿ ಹಿಡಿಯುವುದು ಉಚಿತವಲ್ಲ. ಹೆಣ್ಣುಮಕ್ಕಳನ್ನು ಉಳಿಸುವುದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ.

ಜೀವವು ಗರ್ಭವನ್ನು ಎಂದು ಸೇರುವುದೆಂಬ ಪ್ರಶ್ನೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದುದಿಲ್ಲ. ಚರಕನಿಗೆ ಶುಕ್ರಶೋಣಿತಗಳು ಕೂಡುವಾಗಲೇ ಆತ್ಮನ ಪ್ರವೇಶವಾಗುತ್ತದೆ. ಸುಶ್ರುತನು ನಾಲ್ಕನೆಯ ತಿಂಗಳಲ್ಲಿ ಹೃದಯವೂ ಚೇತನವೂ ವ್ಯಕ್ತವಾಗುವುವೆನ್ನುತ್ತಾನೆ. ಗರ್ಭೋಪನಿಷತ್ತು ಏಳನೆಯ ತಿಂಗಳಲ್ಲಿ ಜೀವಸಂಯೋಗವನ್ನು ಹೇಳುತ್ತದೆ. ಮೂರರಲ್ಲಿ ತನಗೆ ಬೇಕಾದುದೊಂದನ್ನು ಆರಿಸಿ ಉಳಿದೆರಡನ್ನು ಮರೆಮಾಚುವುದು ವಾದಿಗೆ ಭೂಷಣವಲ್ಲ. ಸುಶ್ರುತನ ಮೂಢಗರ್ಭಚಿಕಿತ್ಸೆಯ ಗತಿಯೂ ಇದೇ. ಸತ್ತ ಗರ್ಭವನ್ನು ತಡಮಾಡದೆ ತೆಗೆಯಬೇಕೆಂದೂ, ಬದುಕಿರುವುದನ್ನು ಶಸ್ತ್ರದಿಂದ ಸೀಳಕೂಡದೆಂದೂ, ಸೀಳಿದಲ್ಲಿ ತಾಯಿಯೂ ಶಿಶುವೂ ಇಬ್ಬರೂ ಹತರಾಗುವರೆಂದೂ ಆತನು ವೈದ್ಯನಿಗೆ ಎಚ್ಚರಿಕೆ ಹೇಳಿದ್ದಾನೆ. ಇದರಿಂದ ತಾಯಿಯ ಹಕ್ಕನ್ನಾಗಲಿ ಶಿಶುವಿನ ಹಕ್ಕನ್ನಾಗಲಿ ಸಾಧಿಸಹೊರಟರೆ ಶಸ್ತ್ರವೈದ್ಯನ ಮಾತಿನ ಮೇಲೆ ಅವನು ಹೊರಲಾರದ ಭಾರವನ್ನು ಹೊರಿಸಿದಂತಾಗುವುದು. ಇನ್ನೂ ಕೆಲವರು, ನಾಲ್ಕು ತಿಂಗಳ ವರೆಗೆ ಸ್ರಾವ, ಐದಾರು ತಿಂಗಳಲ್ಲಿ ಪಾತ, ಅನಂತರ ಪ್ರಸೂತಿ ಎಂಬ ಸ್ಮೃತಿಯ ವಿಭಾಗಕ್ಕೂ, ಇಂದಿನ ಕಾಯಿದೆಯ ೨೦ ವಾರ, ೨೪ ವಾರಗಳ ಅವಧಿಗೂ ಗಂಟುಹಾಕಿ ನಮ್ಮ ಪೂರ್ವಿಕರು ಇದನ್ನೆಲ್ಲ ಮೊದಲೇ ಕಂಡಿದ್ದರೆಂದು ಹಿಗ್ಗುತ್ತಾರೆ. ಸ್ಮೃತಿಯ ಆ ಲೆಕ್ಕವು ಎಷ್ಟು ದಿನ ಆಶೌಚವನ್ನು ಹಿಡಿಯಬೇಕೆಂಬುದಕ್ಕಾಗಿ ಹುಟ್ಟಿದುದು. ಕಾಯಿದೆಯ ಲೆಕ್ಕವು ತಾಯಿಯ ದೇಹಕ್ಷೇಮವನ್ನೂ ಗರ್ಭದ ಬೆಳೆವಣಿಗೆಯನ್ನೂ ನೋಡಿ ಹುಟ್ಟಿದುದು. ಸಂಖ್ಯೆಗಳು ಹತ್ತಿರ ಬಂದ ಮಾತ್ರಕ್ಕೆ ತಾತ್ಪರ್ಯವು ಒಂದಾಗದು.

ಇಷ್ಟೆಲ್ಲ ಗೊಂದಲಕ್ಕೆ ಮೂಲವು ಯಾವುದೆಂದರೆ ಪ್ರಕರಣವಿವೇಕವಿಲ್ಲದಿರುವುದು. ಯಾಜ್ಞವಲ್ಕ್ಯಸ್ಮೃತಿಯು ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳಾಗಿ ಹರಡಿಕೊಂಡಿದೆ. ರಾಜನು ದಂಡದಿಂದ ನಡೆಸತಕ್ಕ ವಿಷಯವು ವ್ಯವಹಾರಕ್ಕೆ ಸೇರಿದುದು. ಮನುಷ್ಯನು ತನ್ನ ಪಾಪವನ್ನು ಪರಿಷತ್ತಿನ ಮುಂದೆ ನಿವೇದಿಸಿ ವ್ರತದಿಂದ ಕಳೆದುಕೊಳ್ಳತಕ್ಕ ವಿಷಯವು ಪ್ರಾಯಶ್ಚಿತ್ತಕ್ಕೆ ಸೇರಿದುದು. ಒಂದೇ ಕಾರ್ಯವು ಎರಡರಲ್ಲಿಯೂ ಬಂದಿರಬಹುದು. ಆದರೆ ಕೇಳುವ ಪ್ರಶ್ನೆಯು ಬೇರೆ. ಗರ್ಭವನ್ನು ಬೀಳಿಸಿದವನಿಗೆ ಯಾಜ್ಞವಲ್ಕ್ಯನು ವ್ಯವಹಾರಾಧ್ಯಾಯದಲ್ಲಿ ಉತ್ತಮಸಾಹಸವೆಂಬ ದಂಡವನ್ನು ಹೇಳುತ್ತಾನೆ. ಕೌಟಿಲ್ಯನು ಇನ್ನೂ ಸೂಕ್ಷ್ಮವಾಗಿ, ಹೊಡೆದು ಬೀಳಿಸಿದವನಿಗೆ ಉತ್ತಮ, ಔಷಧದಿಂದಾದರೆ ಮಧ್ಯಮ, ಕ್ಲೇಶಪಡಿಸಿದುದರಿಂದಾದರೆ ಪ್ರಥಮ ಎಂದು ದಂಡವನ್ನು ಮೂರಾಗಿ ವಿಂಗಡಿಸಿದ್ದಾನೆ. ಇಬ್ಬರೂ ಇಲ್ಲಿ ದೃಷ್ಟಿಯಿಟ್ಟಿರುವುದು ಬೀಳಿಸಿದವನ ಮೇಲೆ. ೧೮೬೦ರ ದಂಡಸಂಹಿತೆಯ ೩೧೨ನೆಯ ಕಲಮಾದರೊ, ಸ್ತ್ರೀಯ ಜೀವವನ್ನು ಉಳಿಸುವುದಕ್ಕಾಗಿ ಸದ್ಭಾವದಿಂದ ಮಾಡಿದುದನ್ನು ಬಿಟ್ಟು, ಮಾಡಿದವನೊಡನೆ ಮಾಡಿಸಿಕೊಂಡವಳನ್ನೂ ಅಪರಾಧಿಯೆಂದು ಎಣಿಸಿತು. ೨೦೨೪ನೆಯ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಂತಹ ಕಲಮು ಉಳಿದಿದೆ. ೧೯೬೪ರಲ್ಲಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ೧೯೬೬ರಲ್ಲಿ ಕೊಟ್ಟ ವರದಿಯಿಂದ ಹುಟ್ಟಿದ ೧೯೭೧ರ ಕಾಯಿದೆಯು, ಆ ದಂಡದಿಂದ ವೈದ್ಯನಿಗೂ ಸ್ತ್ರೀಗೂ ಕೆಲವು ಸಂದರ್ಭಗಳಲ್ಲಿ ವಿನಾಯಿತಿಯನ್ನು ಕೊಟ್ಟಿತು. ಕಳ್ಳತನದಲ್ಲಿ ನಡೆದ ಗರ್ಭಪಾತನದಿಂದ ಹೆಂಗಸರು ಸಾಯುತ್ತಿದ್ದರೆಂಬುದೇ ಅದಕ್ಕೆ ಮುಖ್ಯಕಾರಣವು. ಇದು ಕೇವಲ ವ್ಯವಹಾರವು. ಪಾಪವಿಲ್ಲವೆಂದು ಆ ಕಾಯಿದೆಯು ಎಲ್ಲಿಯೂ ಹೇಳಿಲ್ಲ. ಹೇಳುವ ಅಧಿಕಾರವೂ ಅದಕ್ಕಿಲ್ಲ. ಹಾಗೆಯೇ ಪ್ರಾಯಶ್ಚಿತ್ತಾಧ್ಯಾಯದ ಶ್ಲೋಕವನ್ನು ಎತ್ತಿಕೊಂಡು ಬಂದು ದಂಡವನ್ನು ಕೇಳುವವನಿಗೆ ಮೀಮಾಂಸಕರು ಉತ್ತರಕೊಡುವ ಅಗತ್ಯವಿಲ್ಲ. ಅವನು ಬಾಗಿಲು ತಪ್ಪಿ ಬಂದಿದ್ದಾನೆ. ಅಮೆರಿಕದಲ್ಲಿ ೧೯೭೩ರಲ್ಲಿ ನ್ಯಾಯಾಲಯವು ಒಪ್ಪಿದ ಹಕ್ಕನ್ನು ೨೦೨೨ರಲ್ಲಿ ಅದೇ ನ್ಯಾಯಾಲಯವು ಹಿಂತೆಗೆದುಕೊಂಡಿತು. ಅಲ್ಲಿಯ ಜೀವವಾದಿಗಳ ಮತ್ತು ಆಯ್ಕೆವಾದಿಗಳ ಘೋಷಗಳನ್ನು ಕನ್ನಡಕ್ಕೆ ಇಳಿಸಿ, ಅವಕ್ಕೆ ಮನುಯಾಜ್ಞವಲ್ಕ್ಯರ ಮುದ್ರೆಯೊತ್ತುವ ಪದ್ಧತಿಯೂ ಈಚೆಗೆ ಕಾಣುತ್ತಿದೆ. ಅದರಿಂದ ಎರಡು ದೇಶದ ವಿಷಯವೂ ಕೆಡುತ್ತದೆ.

ಸಾಹಿತ್ಯಾಧ್ಯಾಪಕರಿಗೆ ಇದೆಲ್ಲದರಿಂದ ಪ್ರಯೋಜನವೇನೆಂದು ಕೇಳಬಹುದು. ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಎಂಬ ಕಥೆಯನ್ನು ಕಾಲೇಜುಗಳಲ್ಲಿ ಪಾಠಹೇಳುವುದುಂಟು. ಗಿರೀಶ್ ಕಾಸರವಳ್ಳಿಯವರು ಅದನ್ನು ೧೯೭೭ರಲ್ಲಿ ಚಲನಚಿತ್ರವನ್ನಾಗಿಯೂ ಮಾಡಿದರು. ಮಲೆನಾಡಿನ ವೇದಪಾಠಶಾಲೆ, ಅದನ್ನು ನಡೆಸುವ ಉಡುಪರು, ಅವರ ಮಗಳು, ವಿಧವೆಯಾದ ಯಮುನಕ್ಕ, ಆಕೆಯನ್ನು ಹಚ್ಚಿಕೊಂಡ ವಟು ನಾಣಿ. ಯಮುನಕ್ಕ ಬಸಿರಾಗುತ್ತಾಳೆ, ಆ ಬಸಿರನ್ನು ಗುಟ್ಟಾಗಿ ತೆಗೆಸಲಾಗುತ್ತದೆ, ಬದುಕಿರುವ ಮಗಳಿಗೆ ತಂದೆಯು ಘಟಶ್ರಾದ್ಧವನ್ನು ಮಾಡಿ ಹೊರಹಾಕುತ್ತಾನೆ. ಪಾಠಶಾಲೆಯಲ್ಲಿ ಬೆಳೆದ ನಮ್ಮಂಥವರಿಗೆ ಆ ಕಥೆಯ ಹೊಳೆ, ಅಡಿಗೆಮನೆ, ಸಂಥೆ ಹೇಳುವ ಹುಡುಗರ ಪರಸ್ಪರ ಕ್ರೌರ್ಯ ಇವು ಸುಳ್ಳೆನಿಸುವುದಿಲ್ಲ. ಕೆಲವು ಪಂಡಿತರು ಇದನ್ನು ಧರ್ಮನಿಂದೆಯ ಕಥೆಯೆಂದು ಬದಿಗಿಟ್ಟರು; ಕೆಲವು ವಿಮರ್ಶಕರು ಶಾಸ್ತ್ರದ ಕ್ರೌರ್ಯಕ್ಕೆ ಕನ್ನಡಿಯೆಂದು ಹೊಗಳಿದರು. ಈ ಎರಡು ಮಾತುಗಳೂ ಶಾಸ್ತ್ರವನ್ನು ನೋಡದೆ ಆಡಿದುವು.

ಘಟಸ್ಫೋಟವೆಂಬ ವಿಧಿಯು ಮನುಯಾಜ್ಞವಲ್ಕ್ಯರಲ್ಲಿ ಉಂಟು. ಪತಿತನಾದವನಿಗೆ ಬಂಧುಗಳು ಊರ ಹೊರಗೆ ಸೇರಿ, ದಾಸಿಯ ಕಾಲಿನಿಂದ ನೀರಿನ ಕೊಡವನ್ನು ಉರುಳಿಸಿ, ಸತ್ತವನಿಗೆಂಬಂತೆ ಕ್ರಿಯೆ ನಡೆಸತಕ್ಕದ್ದು. ಆದರೆ ವಿಧಿಯು ಅಲ್ಲಿಗೆ ನಿಲ್ಲುವುದಿಲ್ಲ. ವ್ರತವನ್ನು ಆಚರಿಸಿ ಮರಳಿ ಬಂದವನೊಡನೆ ಬಂಧುಗಳು ಪುಣ್ಯತೀರ್ಥದಲ್ಲಿ ಮಿಂದು, ಹೊಸ ಕೊಡವನ್ನು ನೀರಿಗೆ ಬಿಟ್ಟು ಅವನನ್ನು ಸೇರಿಸಿಕೊಳ್ಳಬೇಕು. ಮುಂದೆ ಯಾಜ್ಞವಲ್ಕ್ಯನು, ಪತಿತೆಯರಾದ ಸ್ತ್ರೀಯರಿಗೂ ಇದೇ ವಿಧಿಯೆಂದು ಹೇಳಿ, ಒಂದು ವಿಶೇಷವನ್ನು ಸೇರಿಸುತ್ತಾನೆ: ಅವರಿಗೆ ಮನೆಯ ಹತ್ತಿರ ವಾಸಸ್ಥಳವನ್ನೂ ಅನ್ನವನ್ನೂ ವಸ್ತ್ರವನ್ನೂ ರಕ್ಷಣೆಯನ್ನೂ ಕೊಡಬೇಕು. ಗರ್ಭಪಾತನವನ್ನು ಪತನಕ್ಕೆ ಕಾರಣವೆಂದು ಎಣಿಸುವ ಶ್ಲೋಕವು ಇದರ ಬೆನ್ನಿಗೇ ಬರುತ್ತದೆ. ಎಂದರೆ ಗರ್ಭಪಾತನ ಮಾಡಿಕೊಂಡವಳು ಈ ವಿಶೇಷವಿಧಿಗೆ ಹೊರತಾದವಳಲ್ಲ. ಆಚಾರಾಧ್ಯಾಯದಲ್ಲಿ ಗರ್ಭವಧ, ಭರ್ತೃವಧ ಮೊದಲಾದ ಸಂದರ್ಭಗಳಲ್ಲಿ ಹೆಂಡತಿಯ ತ್ಯಾಗವನ್ನು ಹೇಳಿರುವ ಕಡೆ, ಆ ತ್ಯಾಗವು ಉಪಭೋಗಕ್ಕೂ ಧರ್ಮಕಾರ್ಯಕ್ಕೂ ಸಂಬಂಧಪಟ್ಟುದೆಂದೂ, ಮನೆಯಿಂದ ಹೊರದೂಡುವುದಲ್ಲವೆಂದೂ ವಿಜ್ಞಾನೇಶ್ವರನು ಸ್ಪಷ್ಟಪಡಿಸಿದ್ದಾನೆ. ಮಿತಾಕ್ಷರೆಯನ್ನು ಬರೆದ ಆ ಮಹಾನುಭಾವನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿದ್ದವನು. ಆತನ ನಾಡಿನಲ್ಲೇ ಆತನ ಮಾತು ನಡೆಯಲಿಲ್ಲ!

ಹಾಗೆಂದು ಶಾಸ್ತ್ರವನ್ನು ನಿರ್ದೋಷಿಯೆಂದು ಬಿಡುಗಡೆಮಾಡುವುದು ನಮ್ಮ ಅಭಿಪ್ರಾಯವಲ್ಲ. ಮನೆಯೊಳಗೆ ಇರಿಸಬೇಕೆಂಬುದರ ಅರ್ಥ ಒಂದು ಕೋಣೆಯಲ್ಲಿ ತಡೆದಿಡುವುದೆಂದೇ. ಅನ್ನವುಂಟು, ಮರ್ಯಾದೆಯಿಲ್ಲ. ಆದರೂ ಅನ್ನ, ಬಟ್ಟೆ, ಗೋಡೆಯ ನೆರಳು ಇವು ಮಲೆನಾಡಿನ ಮಳೆಯಲ್ಲಿ ಒಂಟಿಯಾಗಿ ನಿಲ್ಲಿಸುವುದಕ್ಕಿಂತ ಬೇರೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಉಡುಪರು ವಿಧಿಯ ಪೂರ್ವಾರ್ಧವನ್ನು ಮಾಡಿದರು, ಉತ್ತರಾರ್ಧವನ್ನು ಬಿಟ್ಟರು. ಕಥೆಯ ಬಲವಿರುವುದೂ ಇಲ್ಲಿಯೇ ಎಂದು ನಾವು ತಿಳಿದಿದ್ದೇವೆ. ಅನಂತಮೂರ್ತಿಯವರು ಶ್ಲೋಕಗಳೊಡನೆ ವಾದಕ್ಕಿಳಿಯುವುದಿಲ್ಲ. ಹುಡುಗನ ಕಣ್ಣಿಗೆ ಕಾಣುವಷ್ಟನ್ನು ಮಾತ್ರ ತೋರಿಸುತ್ತಾರೆ. ನಾಣಿಗೆ ಭ್ರೂಣಹತ್ಯೆಯೆಂಬ ಮಾತಿನ ಗೊಡವೆಯಿಲ್ಲ. ಅಕ್ಕನು ತನ್ನನ್ನು ಬಿಟ್ಟುಹೋಗಬಾರದೆಂಬುದಷ್ಟೇ ಅವನಿಗೆ ಗೊತ್ತು. ವಿಮರ್ಶಕನು ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಕೌಟಿಲ್ಯಯಾಜ್ಞವಲ್ಕ್ಯರ ದಂಡವು ಗರ್ಭವನ್ನು ಬೀಳಿಸಿದವನನ್ನು ಹಿಡಿಯುತ್ತಿದ್ದಿತು. ಕಥೆಯ ಸಮಾಜವು ವ್ಯವಹಾರಾಧ್ಯಾಯವನ್ನು ಮುಚ್ಚಿಟ್ಟು, ಪ್ರಾಯಶ್ಚಿತ್ತಾಧ್ಯಾಯದಲ್ಲಿಯೂ ಅರ್ಧಹಾಳೆಯನ್ನು ಹರಿದು, ಉಳಿದ ಅರ್ಧವನ್ನು ಹೆಂಗಸೊಬ್ಬಳ ಮೇಲೆ ಓದಿತು. ಬಸಿರಿಗೆ ಕಾರಣನಾದ ಗಂಡಸಿಗೆ ಯಾರೂ ಕೊಡವನ್ನು ಉರುಳಿಸಲಿಲ್ಲ. ಇಂದಿನ ವಾದಿಗಳು ಅರ್ಧಶ್ಲೋಕವನ್ನು ಉದಾಹರಿಸುವಾಗಲೂ ಇದೇ ಕೆಲಸವು ಕಾಗದದ ಮೇಲೆ ನಡೆಯುತ್ತದೆ.

ಕಥೆಯ ಕಾಲಕ್ಕಿಂತ ಬಹಳ ಮೊದಲೇ, ೧೮೬೩ರಲ್ಲಿ, ಪುಣೆಯಲ್ಲಿ ಜೋತಿರಾವ್ ಫುಲೆ ದಂಪತಿಗಳು ಬಸಿರಾದ ವಿಧವೆಯರು ಬಂದು ಹೆತ್ತುಹೋಗುವುದಕ್ಕೆ ಒಂದು ಮನೆಯನ್ನೇ ತೆರೆದಿದ್ದರು. ಸ್ಮೃತಿಯನ್ನು ಬಲವಾಗಿ ಟೀಕಿಸಿದವರು ಅವರು. ಮನೆಯ ಹತ್ತಿರ ವಾಸ, ಅನ್ನ, ವಸ್ತ್ರ, ರಕ್ಷಣೆ ಎಂಬ ಆ ಸ್ಮೃತಿಯ ಮಾತನ್ನು, ಅದರ ಕಾವಲಿನ ಬುದ್ಧಿಯನ್ನು ಬಿಟ್ಟು, ಸ್ಮಾರ್ತರಿಗಿಂತ ಚೆನ್ನಾಗಿ ನಡೆಸಿದವರೂ ಅವರೇ. ೨೦೨೧ರ ನಿಯಮಗಳು ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರದ ಅವಧಿಗೆ ಅರ್ಹರಾದವರಲ್ಲಿ, ಬಸಿರಿರುವಾಗ ವೈಧವ್ಯವನ್ನೊ ವಿವಾಹವಿಚ್ಛೇದನವನ್ನೊ ಹೊಂದಿದವರನ್ನು ಎಣಿಸಿದುವು. ಮೊದಲೇ ವಿಧವೆಯಾಗಿದ್ದು ಅನಂತರ ಬಸಿರಾದ ಯಮುನಕ್ಕನು ಆ ಅಕ್ಷರಕ್ಕೆ ಹೊರಗಾಗುತ್ತಿದ್ದಳು. ೨೦೨೨ರ ತೀರ್ಪಿನ ವಿಶಾಲಾರ್ಥವೇ ಅಂಥವರನ್ನು ಒಳಕ್ಕೆ ಕರೆದುಕೊಂಡುದು.

ಕಡೆಯದಾಗಿ ಭಾಷೆಯ ಮಾತೊಂದಿದೆ. ಪತ್ ಧಾತುವಿನಿಂದ ಬಂದ ಪಾತವೆಂದರೆ ತಾನಾಗಿ ಬೀಳುವುದು. ಣಿಚ್ ಪ್ರತ್ಯಯವು ಸೇರಿದ ಪಾತನವೆಂದರೆ ಬೀಳಿಸುವುದು. ವೃತ್ತಪತ್ರಿಕೆಗಳೂ ಸರಕಾರದ ಪ್ರಕಟನೆಗಳೂ ಎರಡಕ್ಕೂ ಗರ್ಭಪಾತವೆಂಬ ಒಂದೇ ಪದವನ್ನು ಬಳಸುತ್ತಿವೆ. ಅದರ ಫಲವಾಗಿ, ಆಸೆಯಿಂದ ಹೊತ್ತ ಬಸಿರು ದೈವಯೋಗದಿಂದ ಇಳಿದುಹೋದ ತಾಯಿಯೂ ವಾದದ ಕೆಸರಿಗೆ ಸಿಕ್ಕುತ್ತಾಳೆ. ನಮ್ಮ ಮನೆಯ ಹೆಂಗಸರು ಈ ತಪ್ಪನ್ನು ಮಾಡುವುದಿಲ್ಲ. ಗರ್ಭ ನಿಲ್ಲಲಿಲ್ಲವೆಂದೂ, ಬಸಿರು ತೆಗೆಸಿದರೆಂದೂ ಅವರು ಬೇರೆಬೇರೆಯಾಗಿಯೇ ಹೇಳುತ್ತಾರೆ; ಎರಡನೆಯ ಮಾತಿನಲ್ಲಿ ತೆಗೆಸಿದವರು ಯಾರೆಂಬ ಪ್ರಶ್ನೆಗೂ ಎಡೆಯಿದೆ. ಕಾಯಿದೆಯು ಅನುಮತಿಸಿರುವುದಕ್ಕೆ ಗರ್ಭಪಾತನವೆಂದೂ, ತಾನಾಗಿ ಆದುದಕ್ಕೆ ಗರ್ಭಸ್ರಾವ ಅಥವಾ ಗರ್ಭಪಾತವೆಂದೂ, ಹೆಣ್ಣೆಂದು ತಿಳಿದು ಕೊಲ್ಲುವುದಕ್ಕೆ ಹೆಣ್ಣುಭ್ರೂಣಹತ್ಯೆಯೆಂದೂ ಪದಗಳನ್ನು ವಿಂಗಡಿಸಿ ಬಳಸುವುದು ಯುಕ್ತವಾಗಿ ತೋರುತ್ತದೆ. ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ಅಧ್ಯಾಪಕರು ಈ ಸೂಚನೆಯನ್ನು ಪರಿಶೀಲಿಸಬೇಕಾಗಿ ಕೋರುತ್ತೇವೆ.